ಕೆಪ್ಲರ್ ದತ್ತಾಂಶದಲ್ಲಿ ಬಿಎಸ್ಸಿ ಪ್ರಾಜೆಕ್ಟ್: ಎಲ್ಲಿಂದ ಶುರು ಮಾಡಿಸಬೇಕು?

ಪ್ರಶ್ನೆ, ತುಮಕೂರಿನಿಂದ:
ಕೊನೆ ವರ್ಷದ ಭೌತಶಾಸ್ತ್ರ ವಿದ್ಯಾರ್ಥಿಗಳಿಗೆ ಕೆಪ್ಲರ್ ಅಥವಾ ಟೆಸ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶದಿಂದ ಹೊರಗ್ರಹ (ಬೇರೆ ನಕ್ಷತ್ರವನ್ನು ಸುತ್ತುವ ಗ್ರಹ) ಹುಡುಕುವ ಪ್ರಾಜೆಕ್ಟ್ ಕೊಡಬೇಕೆಂದಿದ್ದೇನೆ. ಲ್ಯಾಬಿನಲ್ಲಿರುವುದು 4 ಜಿಬಿ ರ‍್ಯಾಮ್ ಕಂಪ್ಯೂಟರ್, ನೆಟ್ ನಿಧಾನ. ಮಕ್ಕಳಿಗೆ ಪೈಥಾನ್ ಅಲ್ಪಸ್ವಲ್ಪ ಬರುತ್ತೆ. ಏನು ಇಳಿಸಿಕೊಳ್ಳಬೇಕು, ಎಲ್ಲಿ ಎಡವುತ್ತಾರೆ, ಬಲ್ಲವರು ತಿಳಿಸಿ.

ಕೋಲಾರದಿಂದ:
ಮೇಡಂ, ಆ ಕಂಪ್ಯೂಟರ್ ಧಾರಾಳವಾಗಿ ಸಾಕು. ಎರಡೂ ಯೋಜನೆಗಳ ದತ್ತಾಂಶ ಮಾಸ್ಟ್ ಎಂಬ ಆನ್‌ಲೈನ್ ಭಂಡಾರದಲ್ಲಿ ಉಚಿತವಾಗಿ ಸಿಗುತ್ತದೆ. ಪಿಕ್ಸೆಲ್ ಫೈಲ್‌ಗಳ ತಂಟೆಗೆ ಹೋಗದೆ ಲೈಟ್ ಕರ್ವ್ (ನಕ್ಷತ್ರದ ಬೆಳಕು ಕಾಲಕ್ಕೆ ತಕ್ಕಂತೆ ಎಷ್ಟಿತ್ತು ಎಂಬ ಪಟ್ಟಿ) ಮಾತ್ರ ಇಳಿಸಿಕೊಳ್ಳಿ. ಟೆಸ್‌ನಲ್ಲಿ ಒಂದು ಸೆಕ್ಟರಿನ (ಆಕಾಶದ ಒಂದು ಭಾಗವನ್ನು ನೋಡಿದ ಒಂದು ಸರದಿ), 2 ನಿಮಿಷಕ್ಕೊಂದು ಅಳತೆಯ ಲೈಟ್ ಕರ್ವ್ ಸುಮಾರು 2 ಎಂಬಿ. ಅದೇ ನಕ್ಷತ್ರದ ಪಿಕ್ಸೆಲ್ ಫೈಲ್ ಅದರ ಹತ್ತಾರು ಪಟ್ಟು.

ಶುರು ಕೆಪ್ಲರ್‌ನಿಂದಲೇ ಆಗಲಿ. 2009ರಿಂದ 2013ರವರೆಗೆ ಅದು ಒಂದೇ ಕಡೆ ದಿಟ್ಟಿಸಿತ್ತು. ಮೊದಲ ಗುರಿ ಟ್ರೆಸ್-2 ಬಿ ಎಂಬ ಈಗಾಗಲೇ ಗೊತ್ತಿರುವ ಹೊರಗ್ರಹ, ಅದರ ನಕ್ಷತ್ರದ ಕೆಐಸಿ (ಕೆಪ್ಲರ್ ನಕ್ಷತ್ರಪಟ್ಟಿ) ಸಂಖ್ಯೆ 11446443. ಸುತ್ತುವ ಅವಧಿ 2.47 ದಿನ, ಇಳಿತ (ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ತಗ್ಗುವುದು) ಶೇ 1.4ರ ಹತ್ತಿರ, ಕಣ್ಣಿಗೇ ಕಾಣುತ್ತೆ. ಉತ್ತರ ಗೊತ್ತಿರುವ ನಕ್ಷತ್ರದಲ್ಲಿ ಕೈ ಪಳಗದೆ ಹೊಸ ಗ್ರಹಕ್ಕೆ ಕೈಹಾಕಿಸಬೇಡಿ.

ಪೈಥಾನ್‌ನಲ್ಲಿ ಲೈಟ್‌ಕರ್ವ್ ಅನ್ನೋ ಪ್ಯಾಕೇಜ್ ಹಾಕಿ, ಹೆಸರಿನಲ್ಲಿ ಸಿ ಬದಲು ಕೆ ಇದೆ. ಹುಡುಕುವಾಗ ಆಥರ್ ಕೆಪ್ಲರ್, ಕೇಡೆನ್ಸ್ ಲಾಂಗ್ ಎಂದು ಕೊಡಲೇಬೇಕು. ಇಲ್ಲದಿದ್ದರೆ ನಿಮಿಷಕ್ಕೊಂದು ಅಳತೆಯ ಭಾರದ ಫೈಲ್‌ಗಳೂ ಬರುತ್ತವೆ. ಲಾಂಗ್ ಅಂದರೆ 29.4 ನಿಮಿಷಕ್ಕೊಂದು ಅಳತೆ.

ಚಿಂತಾಮಣಿಯಿಂದ:
ಹೆಚ್ಚಿನವರು ಗ್ರಹವನ್ನು ಕಳೆದುಕೊಳ್ಳುವುದು ಶುದ್ಧೀಕರಣದಲ್ಲೇ. ಬೆಳಕಿನ ನಿಧಾನ ಏರಿಳಿತ ತೆಗೆಯುವ ಫ್ಲ್ಯಾಟನ್ ಆಜ್ಞೆ ಕೊಟ್ಟಾಗ ವಿಂಡೋ ಉದ್ದ ಗಂಟೆಗಳಲ್ಲ, ಅಳತೆಗಳ ಸಂಖ್ಯೆ. ತಾನಾಗಿ ಬರುವ 101 ಕೆಪ್ಲರ್ ಲಾಂಗ್‌ನಲ್ಲಿ ಸುಮಾರು ಎರಡು ದಿನ, ಸರಿಯಾಗಿದೆ. ಅದೇ 101 ಟೆಸ್‌ನ 2 ನಿಮಿಷದ ದತ್ತಾಂಶದಲ್ಲಿ ಬರೀ 3.4 ಗಂಟೆ, ಇಳಿತವನ್ನೇ ನುಂಗಿಬಿಡುತ್ತದೆ. ಅಲ್ಲಿ 1501 ಇಡಿ, ಬೆಸ ಸಂಖ್ಯೆಯೇ ಆಗಬೇಕು.

ಔಟ್‌ಲೈಯರ್ (ಉಳಿದವುಗಳಿಂದ ದೂರ ಸಿಡಿದ ಬಿಂದು) ತೆಗೆಯುವಾಗಲೂ ಹಾಗೇ: ಮೇಲಿನ ಬಿಂದುಗಳನ್ನಷ್ಟೇ ಕತ್ತರಿಸಿ, ಕೆಳಗಿನ ಮಿತಿಯನ್ನು ಅನಂತಕ್ಕೆ ಇಡಿ. ಎರಡೂ ಕಡೆ 5 ಸಿಗ್ಮಾ (ಪ್ರಮಾಣಿತ ವಿಚಲನೆಯ ಐದು ಪಟ್ಟು) ಮಿತಿ ಇಟ್ಟರೆ ಟ್ರೆಸ್-2ರ ಇಳಿತ ಪೂರ್ತಿ ಮಾಯ.

ಸ್ಟಿಚ್ ಮಾಡದೆ (ಬೆಳಕಿನ ಮಟ್ಟ ಸಮ ಮಾಡದೆ) ಕೆಪ್ಲರ್‌ನ ಕ್ವಾರ್ಟರ್‌ಗಳನ್ನು, ಅಂದರೆ ಮೂರು ತಿಂಗಳ ತುಂಡುಗಳನ್ನು, ಜೋಡಿಸಬೇಡಿ. ಮೂರು ತಿಂಗಳಿಗೊಮ್ಮೆ ನೌಕೆ 90 ಡಿಗ್ರಿ ತಿರುಗುತ್ತಿತ್ತು, ನಕ್ಷತ್ರ ಬೇರೆ ಸಿಸಿಡಿ (ಬೆಳಕು ಗ್ರಹಿಸುವ ಚಿಪ್) ಮೇಲೆ ಬೀಳುತ್ತಿತ್ತು, ಅದಕ್ಕೇ ಬೆಳಕಿನ ಮಟ್ಟ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಬಿಎಲ್‌ಎಸ್ ಹುಡುಕಾಟ (ಪೆಟ್ಟಿಗೆಯಾಕಾರದ ಇಳಿತ ಎಷ್ಟು ದಿನಕ್ಕೊಮ್ಮೆ ಮರುಕಳಿಸುತ್ತದೆ ಎಂದು ಹುಡುಕುವ ವಿಧಾನ) ಮೊದಲು ಒಂದೇ ಕ್ವಾರ್ಟರಿನಲ್ಲಿ, 1ರಿಂದ 5 ದಿನದ ನಡುವೆ ಮಾಡಿಸಿ. ನಾಲ್ಕು ವರ್ಷದ್ದನ್ನು ಒಟ್ಟಿಗೆ ಕೊಟ್ಟರೆ ಆ ರ‍್ಯಾಮ್ ತಡೆಯಲಿಕ್ಕಿಲ್ಲ. ಸಿಕ್ಕ ಅವಧಿಯ ಸುತ್ತಮುತ್ತ ಮಾತ್ರ ಸಣ್ಣ ಹೆಜ್ಜೆಯಲ್ಲಿ ಪೂರ್ಣ ದತ್ತಾಂಶ ಓಡಿಸಿ. ಅವಧಿ 0.001 ದಿನ ತಪ್ಪಿದರೂ ಸುಮಾರು 600 ಸುತ್ತಿಗೆ ಅರ್ಧ ದಿನಕ್ಕಿಂತ ಹೆಚ್ಚು ಜಾರುತ್ತದೆ. ಮಡಚಿದಾಗ (ಎಲ್ಲ ಸುತ್ತುಗಳನ್ನು ಒಂದರ ಮೇಲೊಂದು ಇಟ್ಟಾಗ) ಎರಡು ಗಂಟೆಯೂ ಇಲ್ಲದ ಇಳಿತ ಅಳಿಸಿಹೋಗುತ್ತದೆ.

ತುಮಕೂರಿನಿಂದ:
ತುಂಬಾ ಉಪಕಾರವಾಯ್ತು ಸರ್. ಟೆಸ್‌ನ ಒಂದು ನಕ್ಷತ್ರದ ಬಿಎಲ್‌ಎಸ್ ನಕ್ಷೆಯಲ್ಲಿ 13.7 ದಿನದ ಬಳಿ ಎತ್ತರದ ಶಿಖರ ಬರುತ್ತಿದೆ. ಗ್ರಹ ಇರಬಹುದಾ?

ಗೌರಿಬಿದನೂರಿನಿಂದ:
ಅನುಮಾನಿಸಿ ಮೇಡಂ. 13.7 ದಿನ ಟೆಸ್ ಭೂಮಿಯನ್ನು ಸುತ್ತುವ ಅವಧಿ. ಪ್ರತಿ ಸುತ್ತಿನಲ್ಲೂ ಭೂಮಿ, ಚಂದ್ರರ ಚದುರಿದ ಬೆಳಕು ನುಗ್ಗುತ್ತದೆ, ದತ್ತಾಂಶದಲ್ಲಿ ಬಿಡುವೂ ಬರುತ್ತದೆ. ಇಳಿತ ಆ ಬಿಡುವಿನ ಅಂಚಿಗೇ ಅಂಟಿಕೊಂಡಿದ್ದರೆ ಕೈಬಿಡಿ.

ಬೇರೆ ಯಾವ ಶಿಖರ ಸಿಕ್ಕರೂ ಅವಧಿಯನ್ನು ಎರಡರಿಂದ ಗುಣಿಸಿ ಮಡಚಿಸಿ. ಎರಡು ಇಳಿತಗಳ ಆಳ ಬೇರೆಯಾದರೆ ಅದು ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರ. ಟೆಸ್‌ನ ಒಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲೊಂದು ಭಾಗ), ಕೆಪ್ಲರ್‌ನದು 4. ಹಾಗಾಗಿ ಟೆಸ್‌ನಲ್ಲಿ ಪಕ್ಕದ ನಕ್ಷತ್ರದ ಇಳಿತ ನಿಮ್ಮದೆಂದು ಕಾಣುವುದು ಬಹಳ ಸಾಮಾನ್ಯ. ಆದರೆ ತಳ ಚೂಪಾಗಿದೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಡಿ. ನಕ್ಷತ್ರದ ಅಂಚಿನ ಬಳಿ ಹಾಯುವ ಟ್ರೆಸ್-2 ಬಿ ಕೂಡ ಹಾಗೇ ಕಾಣುತ್ತದೆ.

ಮಧುಗಿರಿಯಿಂದ:
ವರದಿಗೆ ಮುಂಚೆ ಕಾಲದ ಅಂಕಣ ನೋಡಿಕೊಳ್ಳಿ. ಕೆಪ್ಲರ್ ಸಮಯಕ್ಕೆ 2454833, ಟೆಸ್ ಸಮಯಕ್ಕೆ 2457000 ಕೂಡಿಸಿದರೆ ಜೂಲಿಯನ್ ದಿನ (ಖಗೋಳದಲ್ಲಿ ಬಳಸುವ ದಿನಗಳ ನಿರಂತರ ಎಣಿಕೆ). ಎರಡನ್ನೂ ಒಂದೇ ನಕ್ಷೆಯಲ್ಲಿ ಇಡುವವರು ಇದನ್ನು ಮೊದಲೇ ಸರಿಮಾಡಬೇಕು.