ಅಪ್‌ಡೇಟ್: ಗಾಣದ ಎಣ್ಣೆ ಆನಿಮೇಶನ್ ವಿಡಿಯೋ ಕೊನೆಗೂ ಮುಗೀತು

ಹೋದ್ ತಿಂಗ್ಳು ಕೇಳಿದ್ನಲ್ಲ, ನಾವಿರೋದು ತಿಪಟೂರು, ಆನಿಮೇಟರ್ ಮಂಗ್ಳೂರು, ವಾಯ್ಸ್ ಕೊಡೋರು ಧಾರವಾಡ, ಮುಖಾನೇ ನೋಡ್ದೆ ನಮ್ ಗಾಣದ ಎಣ್ಣೆಗೆ 60 ಸೆಕೆಂಡ್ ವಿಡಿಯೋ ಮಾಡ್ಸೋದ್ ಹೆಂಗೆ ಅಂತ. ಮುಗೀತು ಮಾರಾಯ್ರೆ!

ನೀವ್ ಹೇಳ್ದಂಗೆ ಮೊದ್ಲು ಸ್ಕ್ರಿಪ್ಟ್ ಫೈನಲ್ ಮಾಡಿ, ನಾನೇ ಫೋನಲ್ಲಿ ಓದಿ ರೆಕಾರ್ಡ್ ಮಾಡಿ ಕಳ್ಸಿದೆ, ಅದ್ರ ಮೇಲೆ ಆನಿಮೇಟರ್ ಬರೀ ಪೆನ್ಸಿಲ್ ಚಿತ್ರ ಜೋಡ್ಸಿ ಆನಿಮ್ಯಾಟಿಕ್, ಅಂದ್ರೆ ಕಚ್ಚಾ ವಿಡಿಯೋ ಕಳ್ಸಿದ್ರು. ಅಮ್ಮಂಗೆ ತೋರಿಸ್ದೆ, ನೋಡಿದ್ದೇ "ನಮ್ಮನೇಲಿ ಎತ್ತೆಲ್ಲಿದ್ಯೋ?" ಅಂದ್ರು. ನಮ್ದು ಮೋಟರ್ ಗಾಣ, ಅವ್ರು ಚೆಂದವಾಗಿ ಎತ್ತು ಕಟ್ಟಿ ಸುತ್ತಿಸ್ಬಿಟ್ಟಿದ್ರು. ತಪ್ಪು ನಂದೇ, ಫೋಟೋ ಕಳ್ಸೇ ಇರ್ಲಿಲ್ಲ. ಸೆಕೆಂಡಿಗೆ 24 ಫ್ರೇಮ್ (ಒಂದೊಂದು ಬಿಡಿ ಚಿತ್ರ) ಅಂದ್ರೆ ಒಟ್ಟು 1440, ಎಲ್ಲಾ ಆದ್ಮೇಲೆ ಎತ್ತು ಬಿಚ್ಚೋದು ಅಂದ್ರೆ ನಮ್ ಬಜೆಟ್ಟೂ ಬಿಚ್ಚಿ ಹೋಗ್ತಿತ್ತು.

ಇನ್ನೊಂದ್ ತಲೆನೋವು ಅಕ್ಷರ. ಆಫ್ಟರ್ ಇಫೆಕ್ಟ್ಸ್ ಅನ್ನೋ ಆನಿಮೇಶನ್ ಸಾಫ್ಟ್‌ವೇರಲ್ಲಿ "ಎಣ್ಣೆ" ಅಂತ ಹಾಕಿದ್ರೆ ಒತ್ತು ಕೆಳಗಿಳಿಯದೇ "ಎಣ್‌ಣೆ" ಅಂತ ಬಿಡಿಬಿಡಿಯಾಗಿ ಬರ್ತಿತ್ತು. ಟೈಪ್ ಸೆಟ್ಟಿಂಗಲ್ಲಿ ಟೆಕ್ಸ್ಟ್ ಎಂಜಿನ್ನು ಲ್ಯಾಟಿನ್ ಇದ್ದಿದ್ನ ಸೌತ್ ಏಶಿಯನ್‌ಗೆ ಬದಲಾಯ್ಸಿ, ಯುನಿಕೋಡ್ ಫಾಂಟ್ ಹಾಕಿದ್ಮೇಲೆ ಸರಿಹೋಯ್ತು.

ಕರೆಕ್ಷನ್ ಎಲ್ಲಾ ಒಂದೇ ಶೀಟಲ್ಲಿ, "0:23, ಬಾಟ್ಲಿ ಮುಚ್ಚಳ ಹಳದಿ ಅಲ್ಲ ಕೆಂಪು" ಅಂತ ಟೈಮ್ ಸಮೇತ ಬರೆದ್ವಿ, ವಾಟ್ಸಾಪ್ ವಾಯ್ಸ್ ನೋಟ್ ಬಂದ್ ಮಾಡಿದ್ವಿ, ಅದಾದ್ಮೇಲೇ ಜಗಳ ನಿಂತಿದ್ದು. ರೀಲ್ಸ್‌ಗೆ ಫೋನ್ ನೆಟ್ಟಗೆ ಹಿಡಿದು ನೋಡೋ ಉದ್ದ ಅಳತೆ ವಿಡಿಯೋ ಬೇಕು ಅಂತ ಮಾತ್ರ ಮೊದ್ಲೇ ಹೇಳ್ಲಿಲ್ಲ, ಅದಕ್ಕೆ ಎಕ್ಸ್‌ಟ್ರಾ ದುಡ್ಡು ತೆತ್ತೆ.