ಸಹಾಯ ಬೇಕು: ಅಮ್ಮನ ಮಂಡಿನೋವು, ಟಿಪ್ಪು ಅರಮನೆ, ಲಾಲ್‌ಬಾಗ್, ಒಂದೇ ಭಾನುವಾರ

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾರೆ. ಈ ಭಾನುವಾರ ಅವರನ್ನೂ ಇಬ್ಬರು ಮಕ್ಕಳನ್ನೂ ಕೋಟೆ ಹತ್ತಿರದ ಟಿಪ್ಪು ಬೇಸಿಗೆ ಅರಮನೆಗೆ, ಆಮೇಲೆ ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗೋಣ ಅಂತಿದ್ದೇನೆ.

ಮೆಟ್ರೋದಲ್ಲೇ ಹೋಗುತ್ತೇವೆ. ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದರೆ ಅರಮನೆ, ಅಲ್ಲಿಂದ ಎರಡನೇ ಸ್ಟೇಷನ್ ಲಾಲ್‌ಬಾಗ್. ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಅಮ್ಮನಿಗೆ ಮಂಡಿನೋವು. ಮಾರ್ಕೆಟ್ ಸ್ಟೇಷನ್‌ನಿಂದ ಅರಮನೆಗೆ ಆ ಗಲಾಟೆಯಲ್ಲಿ ನಡೆಸಬಹುದಾ, ಆಟೋ ಹಿಡಿಯಬೇಕಾ? ತೇಗದ ಕಂಬಗಳ ಆ ಅರಮನೆ ಮುಗಿದಿದ್ದು 1791ರಲ್ಲಿ. ಮೇಲಂತಸ್ತಿನ ಮೆಟ್ಟಿಲು ವಯಸ್ಸಾದವರಿಗೆ ಕಷ್ಟ ಆಗುತ್ತದಾ? ಹತ್ತಲಾಗದಿದ್ದರೆ ಕೆಳಗೆ ಕೂರಲು ನೆರಳು ಇದೆಯಾ? ಅಮ್ಮನಿಗೆ ಪಕ್ಕದ ಕೋಟೆ ವೆಂಕಟರಮಣ ದೇವಸ್ಥಾನ ಸಿಕ್ಕರೆ ಸಾಕು, ಅರಮನೆ ನಮ್ಮ ಆಸೆ ಅಷ್ಟೇ.

ಲಾಲ್‌ಬಾಗ್ 240 ಎಕರೆ. ಎಲ್ಲಾ ಸುತ್ತುವುದು ಆಗದ ಮಾತು. ಗಾಜಿನ ಮನೆ, ಕೆರೆ ನೋಡಿದರೆ ಸಾಕು. ಮಗನಿಗೆ ಮಾತ್ರ ಕೆಂಪೇಗೌಡ ಗೋಪುರದ ಬಂಡೆ ಹತ್ತಲೇಬೇಕಂತೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ನಾನೇ ಹೇಳಿ ಕೆಟ್ಟೆ! ಗಾಜಿನ ಮನೆಗೆ ಕಡಿಮೆ ನಡಿಗೆ ಯಾವ ಗೇಟಿನಿಂದ? ಬ್ಯಾಟರಿ ಗಾಡಿ ಭಾನುವಾರ ಸಿಗುತ್ತದಾ?

ಊಟಕ್ಕೆ ಹತ್ತಿರದಲ್ಲಿ ಜಾಸ್ತಿ ಕಾಯಿಸದ ಸಸ್ಯಾಹಾರಿ ಹೋಟೆಲ್ ಇದ್ದರೆ ಹೇಳಿ. ಹಸಿದ ಅಪ್ಪನ ಜೊತೆ ಕ್ಯೂ ನಿಲ್ಲುವ ಧೈರ್ಯ ನನಗಿಲ್ಲ. ಇತ್ತೀಚೆಗೆ ಹೋಗಿ ಬಂದವರು ಹೇಳಿದರೆ ತುಂಬಾ ಉಪಕಾರ.