ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬಸ್ಸಲ್ಲಿ ಗೇರ್ ಸೈಕಲ್ ಒಯ್ಯೋದು ಹೇಗೆ?

ತುಂಗಾತೀರ:
ತೀರ್ಥಹಳ್ಳಿವರೆಗೆ ಬಸ್ಸು, ಅಲ್ಲಿಂದ ಆಗುಂಬೆಗೆ ಸೈಕಲ್. ಹೈಡ್ರಾಲಿಕ್ (ಆಯಿಲ್ ಒತ್ತಡದ) ಡಿಸ್ಕ್ ಬ್ರೇಕು, ಪಾನಾ ಇಲ್ಲದೆ ಬಿಚ್ಚೋ ಕ್ವಿಕ್ ರಿಲೀಸ್ ಚಕ್ರ. ಎಷ್ಟು ಬಿಚ್ಚಬೇಕು? ಟಾಪಿಗೆ ಹಾಕಿದರೆ ಆಗುತ್ತಾ?

ಘಾಟಿ_ಪೆಡಲ್:
ಟಾಪ್ ಆಸೆ ಬಿಡಿ. ಈಗಿನ ಬಸ್ಸುಗಳಲ್ಲಿ ಹೆಚ್ಚಿನವಕ್ಕೆ ಮೇಲೆ ಕ್ಯಾರಿಯರೇ ಇಲ್ಲ. ಇದ್ದರೂ ರಸ್ತೆಗೆ ಬಾಗಿದ ಕೊಂಬೆಗಳು ಹ್ಯಾಂಡಲ್ಲಿಗೆ ಬಡಿಯುತ್ತವೆ. ಡಿಕ್ಕಿ ಇರೋ ಬಸ್ಸು ನೋಡಿ. ಶಾಲೆ-ಕಾಲೇಜು ಬಿಡೋ ಹೊತ್ತು ಬೇಡ. ಹತ್ತೋ ಮುಂಚೆ ಕಂಡಕ್ಟರನ್ನ ಕೇಳಿ, ಲಗೇಜ್ ಟಿಕೆಟ್ ಹರಿಸಿಕೊಳ್ಳಿ. ಜಾಗ ಇಲ್ಲ ಅಂದರೆ ವಾದ ಬೇಡ, ಮುಂದಿನ ಬಸ್ಸು ನೋಡಿ.

ಡಿಕ್ಕಿ ಉದ್ದ ಇದ್ದರೆ ಮುಂದಿನ ಚಕ್ರ ಒಂದೇ ಬಿಚ್ಚಿದರೆ ಸಾಕು. ಅದನ್ನ ಫ್ರೇಮಿನ ಎಡಬದಿಗೆ, ಡಿಸ್ಕ್ ತಟ್ಟೆ ಒಳಮುಖ ಮಾಡಿ, ನಡುವೆ ರಟ್ಟು ಇಟ್ಟು ಹಳೇ ಟ್ಯೂಬಿನ ಪಟ್ಟಿಯಿಂದ ಕಟ್ಟಿ. ಪ್ಲಾಸ್ಟಿಕ್ ಹಗ್ಗ ಪೇಂಟ್ ಕೆರೆಯುತ್ತೆ. ಫೋರ್ಕಿನ (ಮುಂದಿನ ಚಕ್ರ ಹಿಡಿಯೋ ಕವಲಿನ) ತುದಿಗಳ ನಡುವೆ 100 ಮಿ.ಮೀ. ಮರದ ತುಂಡು ಸಿಕ್ಕಿಸಿ, ಮೇಲೆ ಬೇರೆ ಮೂಟೆ ಬಿದ್ದರೂ ಫೋರ್ಕ್ ಒಳಕ್ಕೆ ಒತ್ತಿಕೊಳ್ಳಲ್ಲ. ಪೆಡಲ್ ಕೂಡ ಬಿಚ್ಚೋದಾದರೆ 15 ಮಿ.ಮೀ. ಪಾನಾ ಬೇಕು. ಎಡದ್ದು ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಸಡಿಲ ಆಗೋದು. ಎಡಕ್ಕೆ ಜಗ್ಗಿದರೆ ಇನ್ನೂ ಬಿಗಿ.

ಪಂಕ್ಚರ್_ಶಾಪ್:
ಮುಖ್ಯವಾದದ್ದೇ ಬಿಟ್ರಲ್ಲ ಮಾರಾಯ್ರೆ! ಚಕ್ರ ತೆಗೆದ ಮೇಲೆ ಬ್ರೇಕ್ ಲಿವರ್ ಒತ್ತಲೇಬಾರದು. ಒತ್ತಿದರೆ ಪಿಸ್ಟನ್ ಹೊರಬಂದು ತಟ್ಟೆ ಹಿಡಿಯೋ ಬ್ರೇಕ್ ಪ್ಯಾಡುಗಳು ಒಂದಕ್ಕೊಂದು ಕೂಡುತ್ತವೆ, ಆಮೇಲೆ ತಟ್ಟೆ ಒಳಗೆ ಹೋಗಲ್ಲ. ಮಡಚಿದ ಗಟ್ಟಿ ರಟ್ಟು ಪ್ಯಾಡುಗಳ ಮಧ್ಯೆ ತೂರಿಸಿಡಿ. ಸೈಕಲ್ ತಲೆಕೆಳಗಾಗಿ ಇಡಬೇಡಿ, ಒಳಗೆ ಗಾಳಿ ಇದ್ದರೆ ಅದು ಬ್ರೇಕಿನ ಆಯಿಲ್ ಪೈಪಿಗೆ ಸೇರಿ ಲಿವರ್ ಮೆತ್ತಗಾಗಬಹುದು.

ಡಿಕ್ಕಿಯಲ್ಲಿ ಮಲಗಿಸುವಾಗ ಚೈನ್ ಇರೋ ಬದಿ ಮೇಲಕ್ಕೆ. ಹಿಂದಿನ ಗೇರ್ ದೊಡ್ಡ ಹಲ್ಲಿಗೆ ಹಾಕಿಡಿ, ಡಿರೇಲರ್ (ಚೈನನ್ನ ಹಲ್ಲಿಂದ ಹಲ್ಲಿಗೆ ಸರಿಸೋ ಭಾಗ) ಒಳಸರಿದು ಕೂರುತ್ತೆ. ಇನ್ನೂ ಭಯ ಇದ್ದರೆ ಅದನ್ನ 5 ಮಿ.ಮೀ. ಅಲೆನ್ ಕೀಯಲ್ಲಿ ಬಿಚ್ಚಿ, ಬಟ್ಟೆ ಸುತ್ತಿ ಫ್ರೇಮಿನ ಒಳಗೆ ಕಟ್ಟಿ. ಹ್ಯಾಂಗರ್ (ಡಿರೇಲರನ್ನ ಫ್ರೇಮಿಗೆ ಹಿಡಿಸೋ ಲೋಹದ ತುಂಡು) ಒಳಕ್ಕೆ ಬಾಗಿದರೆ ಏರಲ್ಲಿ ದೊಡ್ಡ ಹಲ್ಲಿಗೆ ಹಾಕಿದಾಗ ಡಿರೇಲರ್ ಚಕ್ರದ ಕಡ್ಡಿಗೆ ಸಿಕ್ಕಿ ಚೂರಾಗಬಹುದು. ಇಳಿಸಿದ ಮೇಲೆ ಹಿಂದಿನ ಚಕ್ರ ಎತ್ತಿ ಕೈಯಲ್ಲಿ ಪೆಡಲ್ ತಿರುಗಿಸಿ ಎಲ್ಲ ಗೇರು ನೋಡಿಯೇ ಹೊರಡಿ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಹಾಗಾಗಿ ನಿಮ್ಮದರ ಸ್ಪೇರ್ ಒಂದು ಚೀಲದಲ್ಲಿರಲಿ.

ತುಂಗಾತೀರ:
ಆಗುಂಬೆಯಿಂದ ಘಾಟಿ ಕೆಳಗಿನ ಸೋಮೇಶ್ವರಕ್ಕೆ ಇಳಿದರೆ ವಾಪಸ್ ಬಸ್ಸಲ್ಲಿ ಹತ್ತಬಹುದಾ?

ಘಾಟಿ_ಪೆಡಲ್:
ಘಾಟಿಯಲ್ಲಿ ಓಡೋದು ಮಿನಿ ಬಸ್ಸು, ಜನಕ್ಕೇ ಜಾಗ ಸಾಲಲ್ಲ. 14 ತಿರುವು ಇಳಿದವರು ತುಳಿದೇ ಹತ್ತಬೇಕು ಅಂತ ಲೆಕ್ಕ ಹಾಕಿಕೊಳ್ಳಿ. ಇಳಿಯೋ ಮೊದಲು ಡಿಸ್ಕ್ ತಟ್ಟೆ ಪ್ಯಾಡಿಗೆ ಉಜ್ಜುತ್ತಾ ನೋಡಿ. ಉಜ್ಜಿದರೆ ಕ್ಯಾಲಿಪರಿನ (ಪ್ಯಾಡುಗಳು ಕೂರೋ ಭಾಗದ) ಎರಡೂ ಬೋಲ್ಟು ಸಡಿಲಿಸಿ, ಲಿವರ್ ಒತ್ತಿ ಹಿಡಿದು ಮತ್ತೆ ಬಿಗಿಮಾಡಿ.